ಬಲಗಡೆಯವರು, ಎಡಗಡೆಯವರು

ಬೀದರಿಗೆ ಹೋದವರು ಕೋಟೆ ನೋಡುವ ಮೊದಲೋ ನೋಡಿದ ಮೇಲೋ ಮಹಮೂದ್ ಗವಾನನ ಮದ್ರಸದ ಮುಂದೆ ನಿಂತೇ ನಿಲ್ಲುತ್ತಾರೆ. 1472ರಲ್ಲಿ ಎದ್ದ ಮೂರಂತಸ್ತಿನ ಕಟ್ಟಡ. ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಇನ್ನೊಂದು 1696ರ ಸ್ಫೋಟದಲ್ಲಿ ಮುಂಗೋಡೆಯ ಒಂದು ಪಾಲಿನೊಂದಿಗೆ ನೆಲಕ್ಕೆ ಬಿತ್ತು. ಗೋಡೆಗೆ ಅಂಟಿಕೊಂಡು ಉಳಿದ ಬಣ್ಣದ ಬಿಲ್ಲೆಗಳನ್ನು ನೋಡುತ್ತಾ ನಿಂತವರಿಗೆ ಯಾರಾದರೊಬ್ಬರು ಗವಾನನ ಕಥೆಯನ್ನು ಹೇಳುತ್ತಾರೆ. ಐದು ನಿಮಿಷದಲ್ಲಿ ಮುಗಿಯುವ ಕಥೆ. ಒಬ್ಬ ಪ್ರಾಮಾಣಿಕ ವಜೀರ, ಕೆಲವರು ದ್ರೋಹಿಗಳು, ಒಂದು ಸುಳ್ಳು ಪತ್ರ, ಕುಡಿದ ಸುಲ್ತಾನ, ಒಂದು ಕತ್ತಿ. ಕೇಳಿದವರು ಅಯ್ಯೋ ಎನ್ನುತ್ತಾರೆ, ಮುಂದೆ ಹೋಗುತ್ತಾರೆ.

ನಾವೂ ಬಹಳ ಕಾಲ ಆ ಕಥೆಯನ್ನು ಹಾಗೆಯೇ ನಂಬಿದ್ದೆವು. ಶಾಲೆಯ ಉರ್ದು ಪಾಠದಲ್ಲಿಯೂ ಹಾಗೆಯೇ ಇತ್ತು, ಕನ್ನಡದ ಇತಿಹಾಸ ಪುಸ್ತಕದಲ್ಲಿಯೂ ಹಾಗೆಯೇ ಇತ್ತು. ಆದರೆ ವಯಸ್ಸಾಗುತ್ತಾ, ನಾಲ್ಕು ಜನರ ಜೊತೆ ಕೆಲಸ ಮಾಡಿ, ಆಮೇಲೆ ನಾಲ್ಕು ಜನರಿಂದ ಕೆಲಸ ಮಾಡಿಸುವ ಜವಾಬ್ದಾರಿಯೂ ಹೆಗಲ ಮೇಲೆ ಬಿದ್ದ ಮೇಲೆ, ಈ ಕಥೆಯಲ್ಲಿ ಏನೋ ಕೊರತೆಯಿದೆ ಎನಿಸತೊಡಗಿತು. 1481ರ ಏಪ್ರಿಲ್ 5ರಂದು ಕೊಂಡಪಳ್ಳಿಯ ದಂಡಿನಲ್ಲಿ ನಡೆದದ್ದು ಕೊನೆಯ ದಿನದ ಸಂಗತಿ. ಅದಕ್ಕೂ ಮೊದಲಿನ ಐವತ್ತು ವರ್ಷಗಳನ್ನು ಬಿಟ್ಟು ಆ ಒಂದು ದಿನವನ್ನು ಮಾತ್ರ ಹೇಳಿದರೆ, ಹುಳ ಹಿಡಿದ ತೊಲೆಯನ್ನು ನೋಡದೆ ಮನೆ ಬಿದ್ದದ್ದು ಗಾಳಿಯಿಂದ ಎಂದಂತಾಗುತ್ತದೆ.

ದರ್ಬಾರು ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದ ಕಂಬಗಳು, ಪರದೆಗಳು. ಆದರೆ ದರ್ಬಾರೆಂದರೆ ನಿಜದಲ್ಲಿ ಒಂದು ದೊಡ್ಡ ದಫ್ತರು. ಅಲ್ಲಿ ಸಂಬಳವಿತ್ತು, ಬಡ್ತಿಯಿತ್ತು, ವರ್ಗವಿತ್ತು, ಹಾಜರಿಯಿತ್ತು, ಯಾರು ಎಲ್ಲಿ ನಿಲ್ಲಬೇಕೆಂಬ ಕಟ್ಟಳೆಯಿತ್ತು. ಇಂದಿಗೂ ನಮ್ಮ ತಾಲೂಕು ಕಚೇರಿಗಳಲ್ಲಿ ಓಡಾಡುವ ಅರ್ಜಿ, ಮೊಹರು, ಗುಮಾಸ್ತ, ಹಾಜರಿ ಎಂಬ ಮಾತುಗಳು ಪಾರಸಿ ದಫ್ತರುಗಳಿಂದಲೇ ಬಂದವು. ಆದ್ದರಿಂದ ಬಹಮನಿ ದರ್ಬಾರನ್ನು ಒಂದು ಕಚೇರಿಯೆಂದು ನೋಡುವುದರಲ್ಲಿ ತಪ್ಪೇನೂ ಇಲ್ಲ. ಕೆಲಸದ ಜಾಗದಲ್ಲಿ ಒಟ್ಟಿಗೆ ದುಡಿಯುವವರ ನಡುವೆ ಸಂಬಂಧ ಹೇಗೆ ಸದ್ದಿಲ್ಲದೆ ಬದಲಾಗುತ್ತದೆ, ಮೇಲೆ ಕುಳಿತವನಿಗೆ ಅದು ಯಾಕೆ ಕಾಣುವುದಿಲ್ಲ ಎಂಬುದಕ್ಕೆ ನಮ್ಮದೇ ನಾಡಿನ ಈ ದಫ್ತರಿಗಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿದಿಲ್ಲ.

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಅದನ್ನು ಕಟ್ಟಿದವರು ತುಘಲಕನ ಕಾಲದಲ್ಲಿ ದಿಲ್ಲಿಯಿಂದ ದೌಲತಾಬಾದಿಗೆ ಬಂದು ಇಲ್ಲೇ ನೆಲೆ ನಿಂತವರು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಅವರು ದಖನಿಗಳಾದರು. ಇಲ್ಲಿಯ ನೀರು ಕುಡಿದು, ಇಲ್ಲಿಯ ಜೋಳ ತಿಂದು, ಇಲ್ಲಿಯ ಮಾತು ಬೆರೆಸಿ ಮಾತಾಡುವವರಾದರು. ಇಸ್ಲಾಮಿಗೆ ಬಂದ ಸ್ಥಳೀಯರೂ ಅವರ ಜೊತೆ ಸೇರಿದರು. ಆಮೇಲೆ ಫಿರೋಜ್ ಶಾಹನ (1397–1422) ಕಾಲಕ್ಕೆ ಹೊಸಬರು ಬರತೊಡಗಿದರು. ಗೋವಾ, ಚೌಲ್ ಬಂದರುಗಳಿಂದ ಹಡಗು ಕಳಿಸಿ ಪ್ರತಿಭಾವಂತರನ್ನು ಕರೆಸುತ್ತಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಇರಾನ್, ಇರಾಕ್, ತುರ್ಕಿಸ್ತಾನಗಳಿಂದ ಬಂದ ಇವರನ್ನು ಆಫಾಕಿಗಳು ಎಂದರು. ಆಫಾಕ್ ಎಂದರೆ ದಿಗಂತಗಳು. ಗರೀಬುದ್ದಿಯಾರ್ ಎಂಬ ಹೆಸರೂ ಇತ್ತು. ಗರೀಬ್ ಎಂದರೆ ಅರಬಿಯಲ್ಲಿ ಪರಸ್ಥಳದವನು, ಅಪರಿಚಿತ. ನಮ್ಮಲ್ಲಿ ಅದು ಬಡವ ಎಂದಾಯಿತು. ಈ ‘ಗರೀಬ’ರು ಮಾತ್ರ ಬಡವರಾಗಿರಲಿಲ್ಲ.

ಹೊಸಬರನ್ನು ಕರೆಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಯಾವ ದಫ್ತರಿಗಾದರೂ ಹೊಸ ರಕ್ತ ಬೇಕು. ಇವರು ಕುದುರೆ, ಲೆಕ್ಕ, ಲಿಪಿ, ವೈದ್ಯ, ವ್ಯಾಪಾರ ಎಲ್ಲವನ್ನೂ ತಂದರು. ಆದರೆ 1422ರಲ್ಲಿ ಅಹಮದ್ ಶಾಹ ಪಟ್ಟಕ್ಕೆ ಬಂದಾಗ ಒಂದು ಸಣ್ಣ ಬದಲಾವಣೆ ಆಯಿತು. ಅವನ ಕಷ್ಟಕಾಲದಲ್ಲಿ ಜೊತೆಗೆ ನಿಂತವನು ಬಸ್ರಾದಿಂದ ಬಂದ ಖಲಫ್ ಹಸನ್ ಎಂಬ ವ್ಯಾಪಾರಿ. ಅಹಮದ್ ಶಾಹ ಋಣ ತೀರಿಸಿದ. ಅವನಿಗೆ ಮಲಿಕುತ್ತುಜ್ಜಾರ್, ಅಂದರೆ ವರ್ತಕರ ಒಡೆಯ, ಎಂಬ ಬಿರುದು ಕೊಟ್ಟು ಉನ್ನತ ಹುದ್ದೆಯಲ್ಲಿ ಕೂರಿಸಿದ. ರಾಜಧಾನಿಯೂ ಗುಲ್ಬರ್ಗದಿಂದ ಬೀದರಿಗೆ ಬಂತು. ಹೊಸ ಊರು, ಹೊಸ ಅರಮನೆ, ಹೊಸ ಮುಖಗಳು. ಹಳಬರು ಮಾತನಾಡಲಿಲ್ಲ. ಕೆಲಸದ ಜಾಗದಲ್ಲಿ ಹಳಬರು ಮಾತನಾಡದೆ ಇರುವುದನ್ನು ಒಪ್ಪಿಗೆ ಎಂದು ತಿಳಿಯುವುದು ಮೇಲಿನವರ ಹಳೆಯ ಅಭ್ಯಾಸ.

1430ರಲ್ಲಿ ಗುಜರಾತಿನ ಸೈನ್ಯದೊಂದಿಗೆ ಮಾಹಿಮಿನ ಬಳಿ ಯುದ್ಧವಾಗಿ ಬಹಮನಿಗಳು ಸೋತರು. ಸೋಲಿಗೆ ಕಾರಣ ಯಾರು? ದಖನಿಗಳು ಮನಸ್ಸಿಟ್ಟು ಹೋರಾಡಲಿಲ್ಲ ಎಂದು ಆಫಾಕಿಗಳು ಹೇಳಿದರು. ದಖನಿಗಳು ಏನು ಹೇಳಿದರೆಂದು ಬರೆದಿಟ್ಟವರಿಲ್ಲ. ಕೆಲವು ವರ್ಷಗಳ ನಂತರ ಖಾಂದೇಶದ ಅರಸ ಬೇರಾರಿನ ಮೇಲೆ ಬಿದ್ದಾಗ, ಎರಡನೇ ಅಹಮದ್ ಶಾಹ (1436–1458) ಖಲಫ್ ಹಸನನನ್ನು ದಂಡಯಾತ್ರೆಗೆ ಹೊರಡಲು ಹೇಳಿದ. ಖಲಫ್ ಹಸನ್ ಒಂದು ಷರತ್ತು ಹಾಕಿದ: ನನ್ನ ಜೊತೆ ಆಫಾಕಿಗಳು ಮಾತ್ರ ಬರಲಿ, ದಖನಿಗಳೂ ಹಬಶಿಗಳೂ ಬೇಡ. ಸುಲ್ತಾನ ಒಪ್ಪಿದ. ಖಲಫ್ ಹಸನ್ ಗೆದ್ದು ಬಂದ. ಸಂತೋಷದಲ್ಲಿ ಸುಲ್ತಾನ ಒಂದು ಅಪ್ಪಣೆ ಹೊರಡಿಸಿದ. ಇನ್ನು ಮುಂದೆ ದರ್ಬಾರಿನಲ್ಲಿ ಆಫಾಕಿಗಳು ಸಿಂಹಾಸನದ ಬಲಗಡೆ ನಿಲ್ಲಬೇಕು, ದಖನಿಗಳು ಮತ್ತು ಹಬಶಿಗಳು ಎಡಗಡೆ.

ಈ ಸಂಗತಿಯ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಬಲ, ಎಡ ಎಂಬುದು ಎಷ್ಟು ಸಣ್ಣ ವಿಷಯ! ಯಾರ ಸಂಬಳವೂ ಕಡಿಮೆಯಾಗಲಿಲ್ಲ, ಯಾರ ಜಾಗೀರೂ ಹೋಗಲಿಲ್ಲ. ಆದರೆ ಅಲ್ಲಿಯವರೆಗೆ ಪದವಿಗೆ ತಕ್ಕಂತೆ ನಿಲ್ಲುತ್ತಿದ್ದವರು ಆ ದಿನದಿಂದ ಹುಟ್ಟಿಗೆ ತಕ್ಕಂತೆ ನಿಲ್ಲತೊಡಗಿದರು. ಒಬ್ಬ ದಖನಿ ಸರದಾರನೂ ಒಬ್ಬ ಹಬಶಿ ಸರದಾರನೂ ಅಲ್ಲಿಯವರೆಗೆ ಬೇರೆ ಬೇರೆ. ಈಗ ದಿನಾ ಬೆಳಿಗ್ಗೆ ಭುಜಕ್ಕೆ ಭುಜ ತಾಗಿಸಿ ಎಡಗಡೆ ನಿಂತು, ಎದುರಿಗೆ ಬಲಗಡೆ ನಿಂತವರನ್ನು ನೋಡಬೇಕು. ಗುಂಪನ್ನು ಅವರು ಕಟ್ಟಿಕೊಳ್ಳಲಿಲ್ಲ, ಸುಲ್ತಾನನೇ ಕಟ್ಟಿಕೊಟ್ಟ. ಗೆದ್ದವರಿಗೆ ಬಹುಮಾನ ಕೊಟ್ಟೆನೆಂದು ಅವನು ನೆಮ್ಮದಿಯಿಂದ ಊಟ ಮಾಡಿರಬೇಕು.

ನಮ್ಮ ಒಂದು ಅನುಭವವನ್ನು ಇಲ್ಲಿ ಹೇಳಿದರೆ ಓದುಗರು ಕ್ಷಮಿಸಬೇಕು. ಕೆಲವು ವರ್ಷಗಳ ಹಿಂದೆ ಹನ್ನೊಂದು ಜನರ ಒಂದು ಸಣ್ಣ ಕಚೇರಿಯ ಹೊಣೆ ನಮ್ಮ ಮೇಲಿತ್ತು. ಸಂಜೆ ನಾಲ್ಕಕ್ಕೆ ಎದುರಿನ ಹೋಟೆಲಿನಿಂದ ಚಹಾ ಬರುತ್ತಿತ್ತು, ತಿಂಗಳ ಕೊನೆಗೆ ಎಲ್ಲರೂ ಸೇರಿ ಹಣ ಕೊಡುತ್ತಿದ್ದೆವು. ಒಂದು ದಿನ ಹೋಟೆಲಿನ ಹುಡುಗ ಬಂದು, “ಸಾಹೇಬ್ರೇ, ಈ ಸಲದ ಎರಡು ಚೀಟಿ, ನಿಮ್ಮದು ಯಾವುದರಲ್ಲಿ ಸೇರಿಸಲಿ?” ಎಂದ. ಚಹಾದ ಲೆಕ್ಕ ಎರಡಾಗಿ ಐದು ತಿಂಗಳಾಗಿತ್ತು. ಕೆಲಸ ನಿಂತಿರಲಿಲ್ಲ, ಜಗಳವಾಗಿರಲಿಲ್ಲ, ಕಡತಗಳು ಸಮಯಕ್ಕೆ ಸರಿಯಾಗಿ ನಮ್ಮ ಮೇಜಿಗೆ ಬರುತ್ತಿದ್ದವು. ಹುಡುಗನಿಗೆ ತಿಳಿದಿದ್ದ ಸಂಗತಿ ನಮಗೆ ತಿಳಿದಿರಲಿಲ್ಲ. ಅದಕ್ಕೆ ಕಾರಣವನ್ನು ಹುಡುಕಹೋದಾಗ ಸಿಕ್ಕಿದ್ದು ಒಂದು ವರ್ಷದ ಹಿಂದೆ ನಾವೇ, ಏನೂ ಯೋಚಿಸದೆ, ಕೆಲಸವನ್ನು ಹಂಚಿದ್ದ ಒಂದು ಕಾಗದ. ಆ ಬಿರುಕನ್ನು ನಾವು ಸರಿಪಡಿಸಲಾಗಲಿಲ್ಲ. ವರ್ಗವಾಗಿ ಬಂದುಬಿಟ್ಟೆವು.

ಬೀದರಿನಲ್ಲಿ ಬಿರುಕು ಚಹಾದಲ್ಲಿ ನಿಲ್ಲಲಿಲ್ಲ. 1440ರ ದಶಕದಲ್ಲಿ ಖಲಫ್ ಹಸನ್ ಕೊಂಕಣದ ದಂಡಯಾತ್ರೆಗೆ ಹೋಗಿ, ಸಂಗಮೇಶ್ವರದ ಕಾಡಿನ ದಾರಿಯಲ್ಲಿ ಹೊಂಚಿಗೆ ಸಿಕ್ಕಿ ಸತ್ತ. ಬದುಕಿ ಉಳಿದ ಆಫಾಕಿಗಳು ಚಾಕಣದ ಕೋಟೆ ಸೇರಿದರು. ಇವರು ಶತ್ರುಗಳ ಜೊತೆ ಸೇರುವ ಹುನ್ನಾರದಲ್ಲಿದ್ದಾರೆಂದು ದಖನಿ ಸರದಾರರು ಸುಲ್ತಾನನಿಗೆ ಪತ್ರ ಬರೆದರು. ಕೋಟೆಯೊಳಗಿನವರು ತಮ್ಮ ಅಹವಾಲನ್ನು ಬರೆದು ಕಳಿಸಿದ ಪತ್ರಗಳು ಸುಲ್ತಾನನ ಕೈಸೇರದಂತೆ ನೋಡಿಕೊಂಡರು. ಸುಲ್ತಾನ ಒಂದೇ ಕಡೆಯ ಕಾಗದ ಓದಿ ಅಪ್ಪಣೆ ಕೊಟ್ಟ. ಸಂಧಾನದ ನೆಪದಲ್ಲಿ ಔತಣಕ್ಕೆ ಕರೆದು ಅವರನ್ನು ಕಡಿದು ಹಾಕಿದರು. ತಪ್ಪಿಸಿಕೊಂಡು ಬಂದ ಕೆಲವರಿಂದ ಸತ್ಯ ತಿಳಿದಾಗ ಅದೇ ಸುಲ್ತಾನ ಅಷ್ಟೇ ಅವಸರದಲ್ಲಿ ದಖನಿ ಮುಖಂಡರನ್ನು ಶಿಕ್ಷಿಸಿದ. ಎರಡೂ ಸಲ ಅವನು ಕಠಿಣನಾಗಿದ್ದ, ಎರಡೂ ಸಲ ತಡವಾಗಿತ್ತು. ಪತ್ರವೊಂದು ಬಂದಾಗ ಅದು ನಿಜವೋ ಸುಳ್ಳೋ ಎಂದು ನೋಡುವ ಏರ್ಪಾಡು ಮಾತ್ರ ಆಗಲೂ ಆಗಲಿಲ್ಲ, ಆಮೇಲೂ ಆಗಲಿಲ್ಲ.

ಇಂಥ ದಫ್ತರಿಗೆ ಸುಮಾರು 1453ರಲ್ಲಿ ಮಹಮೂದ್ ಗವಾನ್ ಬಂದ. ಗೀಲಾನಿನ ದೊಡ್ಡ ಮನೆತನದವನು, ವ್ಯಾಪಾರಿ. ದಾಭೋಳ ಬಂದರಿನಲ್ಲಿ ಇಳಿದಾಗ ವಯಸ್ಸು ನಲವತ್ತು ದಾಟಿತ್ತು. ಇಬ್ಬರು ಸುಲ್ತಾನರ ಕಾಲವನ್ನು ದಾಟಿ, ಬಾಲಕ ಸುಲ್ತಾನರ ಹೆಸರಿನಲ್ಲಿ ರಾಜಮಾತೆ ನರ್ಗಿಸ್ ಬೇಗಂ ಆಡಳಿತ ನೋಡುತ್ತಿದ್ದಾಗ ಅವಳ ಇಬ್ಬರು ಸಲಹೆಗಾರರಲ್ಲಿ ಒಬ್ಬನಾದ. ಇನ್ನೊಬ್ಬ ಖ್ವಾಜಾ ಜಹಾನ್ ತುರ್ಕ್. ಅವನು ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದಾನೆಂದು 1466ರಲ್ಲಿ ತುಂಬಿದ ದರ್ಬಾರಿನಲ್ಲೇ ಅವನ ಕೊಲೆಯಾಯಿತು. ಅವನ ಜಾಗಕ್ಕೂ ಬಿರುದಿಗೂ ಬಂದವನು ಗವಾನ್. ತನ್ನ ಹಿಂದಿನವನ ರಕ್ತ ಯಾವ ಹಾಸಿನ ಮೇಲೆ ಬಿತ್ತೆಂದು ಅವನಿಗೆ ಗೊತ್ತಿತ್ತು.

ಅವನು ಕುರುಡನಾಗಿರಲಿಲ್ಲ, ಇದನ್ನು ಒತ್ತಿ ಹೇಳಬೇಕು. ‘ರಿಯಾಜುಲ್ ಇನ್ಶಾ’ ಎಂಬ ಅವನ ಪತ್ರಸಂಗ್ರಹದಲ್ಲಿ ರಾಜಧಾನಿಯಲ್ಲಿ ತನ್ನ ಬೆನ್ನ ಹಿಂದೆ ನಡೆಯುವ ಅಸೂಯೆಯ ಬಗ್ಗೆ ದೂರುಗಳಿವೆ. ಆದರೆ ಆ ವರ್ಷಗಳಲ್ಲಿ ಅವನು ಬೀದರಿನಲ್ಲಿ ಇರಲೇ ಇಲ್ಲ. 1469ರಿಂದ 1472ರವರೆಗೆ ಕೊಂಕಣದ ಮಳೆ, ಕಾಡು, ಕೋಟೆಗಳ ನಡುವೆ ದಂಡಿನಲ್ಲಿದ್ದ. ಕೊನೆಗೆ ಗೋವಾ ಗೆದ್ದು ಬಂದ. ಆ ಸುಮಾರಿಗೆ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಬರಹದಲ್ಲಿ ಒಂದು ಮಾತನ್ನು ದಾಖಲಿಸಿದ್ದಾನೆ. ಇಲ್ಲಿಯ ಸುಲ್ತಾನ ಇಪ್ಪತ್ತರ ಯುವಕ, ಆಡಳಿತ ನಡೆಸುವವರು ಖುರಾಸಾನಿಗಳು, ಯುದ್ಧ ಮಾಡುವವರೂ ಖುರಾಸಾನಿಗಳು ಎಂಬುದು ಅದರ ಸಾರ. ಪರದೇಶದಿಂದ ಬಂದ ಒಬ್ಬ ಕುದುರೆ ವ್ಯಾಪಾರಿಗೆ ಕೆಲವು ತಿಂಗಳಲ್ಲಿ ಕಂಡದ್ದು ಅದು. ನಮ್ಮ ಹೋಟೆಲಿನ ಹುಡುಗನಂತೆ.

ಗೋವಾ ವಿಜಯದ ನಂತರ ಸುಲ್ತಾನ ಒಂದು ವಾರ ಗವಾನನ ಮನೆಯಲ್ಲೇ ಅತಿಥಿಯಾಗಿದ್ದ. ರಾಜಮಾತೆ ಅವನನ್ನು ಅಣ್ಣ ಎಂದು ಕರೆದಳು. ಸುಲ್ತಾನ ಹೋದ ಮೇಲೆ ಗವಾನ್ ಕೋಣೆಯೊಳಗೆ ಹೋಗಿ, ಖಿಲ್ಲತ್ತಿನ ಉಡುಪನ್ನು ಕಳಚಿ, ನೆಲದ ಮೇಲೆ ಬಿದ್ದು ಅತ್ತನಂತೆ. ಆಮೇಲೆ ಒರಟು ಬಟ್ಟೆ ತೊಟ್ಟು ತನ್ನ ಸಂಪತ್ತನ್ನು ಬಡವರಿಗೆ ಹಂಚಿದ. ಆನೆ ಕುದುರೆ ಸುಲ್ತಾನನವು, ಪುಸ್ತಕಗಳು ವಿದ್ಯಾರ್ಥಿಗಳವು ಎಂದು ಅವನ್ನು ಮಾತ್ರ ಉಳಿಸಿಕೊಂಡ. ಕಾರಣ ಕೇಳಿದಾಗ, ಆ ಗೌರವದ ಹೊತ್ತಿನಲ್ಲಿ ತನ್ನ ಮನಸ್ಸಿನಲ್ಲಿ ಗರ್ವ ಏಳುವುದನ್ನು ಕಂಡು ಹೆದರಿದೆ ಎಂದನಂತೆ. ಫರಿಶ್ತಾ ಹೇಳುವ ಈ ಪ್ರಸಂಗವನ್ನು ಓದುವಾಗೆಲ್ಲ ನಮ್ಮ ಕಣ್ಣು ತೇವವಾಗುತ್ತದೆ. ಆದರೂ ಕಥೆ ಬರೆಯುವವರ ಕೆಟ್ಟ ಬುದ್ಧಿಯೊಂದು ಕೇಳುತ್ತದೆ: ತನ್ನ ಮನಸ್ಸಿನಲ್ಲಿ ಆದ ಬದಲಾವಣೆಯನ್ನು ಕ್ಷಣದಲ್ಲಿ ಹಿಡಿದ ಈ ಮನುಷ್ಯ, ಆ ಏಳು ದಿನ ಬಾಗಿಲ ಹೊರಗೆ ನಿಂತು ನೋಡುತ್ತಿದ್ದವರ ಮನಸ್ಸಿನಲ್ಲಿ ಆದದ್ದನ್ನು ಯಾಕೆ ಹಿಡಿಯಲಿಲ್ಲ?

ಅದೇ ಕಾಲದಲ್ಲಿ ಬೆಳಗಾವಿಯ ದಂಡಯಾತ್ರೆಯ ಸಂದರ್ಭದಲ್ಲಿ ರಾಜಮಾತೆ ತೀರಿಕೊಂಡಳು. ಗವಾನನನ್ನೂ ಸುಲ್ತಾನನನ್ನೂ ಒಟ್ಟಿಗೆ ಹಿಡಿದಿದ್ದ ಕೈ ಅದು. ಮಗನಿಗೆ ಗದರಿ ಹೇಳಬಲ್ಲವಳು ಅವಳೊಬ್ಬಳೇ. ಇತಿಹಾಸದ ಪುಸ್ತಕಗಳು ಈ ಸಾವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮಗೆ ಅನಿಸುವಂತೆ ಆ ದಫ್ತರಿನ ಅತಿ ದೊಡ್ಡ ಬದಲಾವಣೆ ಅದೇ.

ಗವಾನ್ ಬಿರುಕನ್ನು ಮುಚ್ಚಲು ಪ್ರಯತ್ನಿಸಿದ್ದು ಸುಧಾರಣೆಗಳ ಮೂಲಕ. ನಾಲ್ಕು ದೊಡ್ಡ ಪ್ರಾಂತಗಳನ್ನು ಒಡೆದು ಎಂಟು ಮಾಡಿದ. ಹಂಚಿಕೆಯಲ್ಲಿ ಪಕ್ಷಪಾತ ಮಾಡಲಿಲ್ಲ. ಗಾವಿಲ್ ಫತ್‌ಹುಲ್ಲಾ ಇಮಾದುಲ್ ಮುಲ್ಕನಿಗೆ, ಮಾಹೂರ್ ಖುದಾವಂದ್ ಖಾನ್ ಹಬಶಿಗೆ, ಗುಲ್ಬರ್ಗ ದಸ್ತೂರ್ ದೀನಾರ್ ಹಬಶಿಗೆ, ರಾಜಮಹೇಂದ್ರಿ ಮಲಿಕ್ ಹಸನನಿಗೆ. ಈ ನಾಲ್ವರೂ ಎಡಗಡೆಯವರು. ದೌಲತಾಬಾದ್ ಯೂಸುಫ್ ಆದಿಲ್ ಖಾನನಿಗೆ, ಬಿಜಾಪುರ ತನಗೆ. ಪ್ರತಿ ಪ್ರಾಂತದಲ್ಲಿ ಅಧಿಪತಿಯ ಕೈಯಲ್ಲಿ ಒಂದೇ ಕೋಟೆ, ಉಳಿದವಕ್ಕೆ ಕೇಂದ್ರದಿಂದಲೇ ಕಿಲ್ಲೇದಾರರು. ಕೆಲವು ಜಮೀನು ನೇರವಾಗಿ ಸುಲ್ತಾನನ ಖಾಲಸಾಕ್ಕೆ. ಐನೂರು ಸವಾರರ ಸರದಾರನ ವಾರ್ಷಿಕ ಸಂಬಳವನ್ನು ಒಂದು ಲಕ್ಷ ಹೊನ್ನಿನಿಂದ ಒಂದೂಕಾಲು ಲಕ್ಷಕ್ಕೆ ಏರಿಸಿದ. ಆದರೆ ಒಬ್ಬ ಸವಾರ ಕಡಿಮೆಯಿದ್ದರೂ ಅವನ ಪಾಲು ಕಡಿತ. ಜಮೀನಿನ ಅಳತೆಯೂ ಆರಂಭವಾಯಿತು.

ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನೊಂದಿಲ್ಲ. ಗವಾನ್ ತಕ್ಕಡಿಯ ಎರಡು ತಟ್ಟೆಗಳನ್ನು ಸಮ ಮಾಡಿದ. ಆದರೆ ತಕ್ಕಡಿ ಹಿಡಿದ ಕೈ ಬಲಗಡೆಯವನದು ಎಂಬುದನ್ನು ಎಡಗಡೆಯವರು ಮರೆಯಲಿಲ್ಲ. ಮಲಿಕ್ ಹಸನನನ್ನೇ ನೋಡಿ. ವಿಜಯನಗರದ ಕಡೆಯ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಸೆರೆಯಾಗಿ ಬಂದು, ಮುಸಲ್ಮಾನನಾಗಿ, ಗುಲಾಮಗಿರಿಯಿಂದ ಮೇಲೇರಿ ಇಡೀ ತೆಲಂಗಾಣದ ಅಧಿಪತಿಯಾಗಿದ್ದವನು. ಅವನಿಗೆ ಸುಧಾರಣೆಯೆಂದರೆ ಅರ್ಧ ಪ್ರಾಂತ ಹೋಗಿದ್ದು, ಕೋಟೆಗಳು ಹೋಗಿದ್ದು. ನಷ್ಟ ಎಲ್ಲರಿಗೂ ಆಗಿತ್ತು, ಆಫಾಕಿಗಳಿಗೂ ಆಗಿತ್ತು. ಆದರೆ ನಲವತ್ತು ವರ್ಷ ಬಲ ಎಡ ಎಂದು ನಿಂತು ಅಭ್ಯಾಸವಾದವರಿಗೆ ನಷ್ಟವೂ ಬಲ ಎಡವಾಗಿಯೇ ಕಾಣುತ್ತದೆ. ಗವಾನ್ ಹುದ್ದೆಗಳನ್ನು ಎಣಿಸಿದ. ಯಾರು ಯಾರ ಮನೆಗೆ ಹೋಗುವುದನ್ನು ನಿಲ್ಲಿಸಿದ್ದಾರೆ, ಯಾರು ತನ್ನ ಮುಂದೆ ಮಾತ್ರ ಹೌದು ಎನ್ನುತ್ತಿದ್ದಾರೆ ಎಂಬುದನ್ನು ಎಣಿಸುವ ದಫ್ತರ ಅವನಲ್ಲಿರಲಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ. ಈ ಕಥೆಯನ್ನು ನಮಗೆ ವಿವರವಾಗಿ ಹೇಳಿದ ಫರಿಶ್ತಾ ಯಾರು? ಅಸ್ತರಾಬಾದಿನಲ್ಲಿ ಹುಟ್ಟಿ, ಅಹಮದನಗರದಲ್ಲಿ ಬೆಳೆದು, 1589ರಲ್ಲಿ ಬಿಜಾಪುರಕ್ಕೆ ಬಂದು, ಯೂಸುಫ್ ಆದಿಲ್ ಖಾನನ ವಂಶದವರ ಆಶ್ರಯದಲ್ಲಿ ಬರೆದವನು. ಅಂದರೆ ಅವನೂ ಬಲಗಡೆಯವನೇ. ಅವನ ಪುಟಗಳಲ್ಲಿ ದಖನಿಗಳು ಬರುವುದೇ ಒಳಸಂಚು ಮಾಡಲು. ಸ್ವಂತ ಅಜ್ಜಂದಿರು ಕಟ್ಟಿದ ರಾಜ್ಯದಲ್ಲಿ ನಿನ್ನೆ ಹಡಗಿನಿಂದ ಇಳಿದವನಿಗೆ ಜಾಗ ಬಿಟ್ಟುಕೊಟ್ಟು ಆಚೆ ಸರಿದು ನಿಂತವನ ಎದೆಯಲ್ಲಿ ಏನಿತ್ತೆಂದು ಬರೆದ ದಖನಿ ಇತಿಹಾಸಕಾರ ನಮಗೆ ಸಿಕ್ಕಿಲ್ಲ. ಈ ಜಗಳವನ್ನು ಶಿಯಾ ಸುನ್ನಿ ಜಗಳವೆಂದು ಬಗೆಹರಿಸುವವರೂ ಇದ್ದಾರೆ. ಆಫಾಕಿಗಳಲ್ಲಿ ಅನೇಕರು ಶಿಯಾಗಳಾಗಿದ್ದದ್ದು ನಿಜ. ಆದರೆ ನಮಗೆ ಕಾಣುವಂತೆ ಇದು ಮುಖ್ಯವಾಗಿ ಹುದ್ದೆಯ, ಮಾನದ, ನಿಲ್ಲುವ ಜಾಗದ ಜಗಳ. ಬೀದರಿಗಿಂತ ಬಹು ದೂರದಲ್ಲಿ, 1377ರಲ್ಲೇ, ಇಬ್ನ್ ಖಲ್ದೂನ್ ತನ್ನ ‘ಮುಕದ್ದಿಮಾ’ದಲ್ಲಿ ಇಂಥದ್ದನ್ನು ಬರೆದಿದ್ದ. ಅರಸನಾದವನು ತನ್ನನ್ನು ಮೇಲೆತ್ತಿದ ಸ್ವಂತ ಜನರನ್ನು ಕ್ರಮೇಣ ದೂರ ಸರಿಸಿ, ಹೊರಗಿನವರನ್ನು ಹತ್ತಿರ ಕೂಡಿಸುತ್ತಾನೆ, ಹಳೆಯ ಒಗ್ಗಟ್ಟು ಅಲ್ಲಿಂದ ಸವೆಯತೊಡಗುತ್ತದೆ ಎಂದು ಅವನು ಗುರುತಿಸಿದ್ದ.

ಕೊನೆಯ ದಿನದ ಸಂಗತಿ ಎಲ್ಲರಿಗೂ ತಿಳಿದದ್ದು. ಆದರೂ ಅದರಲ್ಲಿ ಎರಡು ವಿವರಗಳಿವೆ. ಗವಾನನ ಮೊಹರು ಇರುತ್ತಿದ್ದದ್ದು ಅವನ ಹಬಶಿ ಗುಲಾಮನೊಬ್ಬನ ವಶದಲ್ಲಿ. ಜರೀಫುಲ್ ಮುಲ್ಕ್, ಮಿಫ್ತಾಹ್ ಹಬಶಿ ಎಂಬಿಬ್ಬರು ಅವನಿಗೆ ಉಡುಗೊರೆ ಕೊಟ್ಟು, ಕುಡಿಸಿ, ಸ್ನೇಹ ಬೆಳೆಸಿದರು. ಸ್ನೇಹ ಒಂದು ರಾತ್ರಿಯಲ್ಲಿ ಬೆಳೆಯುವುದಲ್ಲ. ತನ್ನ ಮೊಹರು ಕಾಯುವವನು ಹೊಸ ಉಡುಪು, ಹೊಸ ಕುದುರೆ, ಹೊಸ ಗೆಳೆಯರೊಂದಿಗೆ ಓಡಾಡುವುದನ್ನು ಗವಾನ್ ನೋಡಲಿಲ್ಲವೇ? ನೋಡಿದರೂ ಕೇಳಲಿಲ್ಲವೇ? ಖಾಲಿ ಕಾಗದಕ್ಕೆ ಮೊಹರು ಬಿತ್ತು, ಅದರ ಮೇಲೆ ಒರಿಸ್ಸಾದ ಗಜಪತಿಗೆ ದಂಡೆತ್ತಿ ಬರುವಂತೆ ಪತ್ರ ತಯಾರಾಯಿತು. ಎರಡನೆಯದು, ಆ ಹೊತ್ತಿಗೆ ಯೂಸುಫ್ ಆದಿಲ್ ಖಾನ್ ದಂಡಯಾತ್ರೆಯ ಮೇಲೆ ದೂರವಿದ್ದ. ಧೈರ್ಯದಿಂದ ನಿಜ ಹೇಳಬಲ್ಲವನು ಇಲ್ಲದ ದಿನವನ್ನು ಕಾದು ಆರಿಸಿದ್ದರು.

ಸುಲ್ತಾನ ಪತ್ರ ತೋರಿಸಿದಾಗ ಗವಾನ್ ಮೊಹರು ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದ. ಗುಜರಾತಿಗೆ ಓಡಿಹೋಗು ಎಂದು ಗೆಳೆಯರು ಮೊದಲೇ ಹೇಳಿದ್ದರು, ಅವನು ಹೋಗಿರಲಿಲ್ಲ. ಎಪ್ಪತ್ತು ವರ್ಷ ವಯಸ್ಸಿನ ಆ ಮುದುಕನನ್ನು ಜೌಹರ್ ಎಂಬ ಗುಲಾಮನ ಕತ್ತಿಗೆ ಕೊಟ್ಟು ಸುಲ್ತಾನ ಒಳಗೆ ಹೋದ. ಒಂಬತ್ತು ಹತ್ತರ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು, ಅದೇ ಮುದುಕನ ನೆರಳಲ್ಲಿ ಬೆಳೆದ ಹುಡುಗ. ಬೆಳೆದ ಹುಡುಗ ಯಾವಾಗ ನೆರಳನ್ನು ಭಾರವೆಂದುಕೊಂಡನೋ ಗವಾನನಿಗೆ ತಿಳಿಯಲಿಲ್ಲ. ಖಜಾನೆಯನ್ನು ಜಪ್ತಿ ಮಾಡಲು ಹೋದಾಗ ಸಿಕ್ಕಿದ್ದು ಅತ್ಯಲ್ಪ. ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದ ವಜೀರ. ಬೀದರಿನ ಹೊರಗೆ ಅವನ ಗೋರಿಯಿದೆ, ಅದೂ ಹಾಗೆಯೇ ಸರಳ.

ಆಮೇಲೆ ನಡೆದದ್ದನ್ನು ಆ ಐದು ನಿಮಿಷದ ಕಥೆ ಹೇಳುವುದಿಲ್ಲ. ಕೊಲೆಯ ಸುದ್ದಿ ತಿಳಿದ ಕೂಡಲೇ ಇಮಾದುಲ್ ಮುಲ್ಕನೂ ಖುದಾವಂದ್ ಖಾನನೂ ತಮ್ಮ ಡೇರೆಗಳನ್ನು ಕಿತ್ತು, ಸುಲ್ತಾನನ ದಂಡಿನಿಂದ ದೂರ ಹೋಗಿ ಹೂಡಿದರು. ಇಬ್ಬರೂ ಎಡಗಡೆಯವರು. ಗವಾನನಂಥವನನ್ನೇ ಒಂದು ಚಾಡಿಯ ಮೇಲೆ ಕೊಂದಿರಿ, ನಾಳೆ ನಮ್ಮ ಗತಿ ಏನು ಎಂಬುದು ಅವರು ಹೇಳಿ ಕಳಿಸಿದ ಮಾತಿನ ತಾತ್ಪರ್ಯ. ಯೂಸುಫ್ ಆದಿಲ್ ಖಾನ್ ಬಂದವನು ಅವರ ಪಕ್ಕದಲ್ಲೇ ಡೇರೆ ಹೂಡಿದ. ಸುಲ್ತಾನ ಕರೆದರೂ ಹತ್ತಿರ ಬರಲಿಲ್ಲ. ಅವನು ಬೆಳಗಾವಿಗೆ ಹೋದರೆ ಇವರೂ ಹೋದರು, ಅವನು ತಿರುಗಿದರೆ ಇವರೂ ತಿರುಗಿದರು. ಬೆಳಿಗ್ಗೆ ದೂರದಿಂದಲೇ ಸಲಾಮು ಮಾಡಿ ತಮ್ಮ ಡೇರೆಗಳಿಗೆ ಹೋಗುತ್ತಿದ್ದರು. ಬೀದರಿಗೆ ಮರಳಿ 1482ರಲ್ಲಿ ಸುಲ್ತಾನ ಸತ್ತಾಗ ಅವನ ವಯಸ್ಸು ಮೂವತ್ತೂ ಆಗಿರಲಿಲ್ಲ. ಕೊನೆಯ ಸಂಕಟದಲ್ಲಿ, ಗವಾನ್ ತನ್ನನ್ನು ಕೊಲ್ಲುತ್ತಿದ್ದಾನೆಂದು ಕೂಗುತ್ತಿದ್ದನಂತೆ.